ತಂತ್ರ ಪ್ರಶ್ನೋತ್ತರ: ಹೊರದೇಶದ ಕನ್ಸೋಲಿನ ಬೀಗ ಎಲ್ಲಿದೆ?

ಈ ಸಲ ಮುಂಬಯಿ, ಪುಣೆ, ಗೋವಾದಿಂದ ಬಂದ ಪತ್ರಗಳೆಲ್ಲ ಹೊರದೇಶದಿಂದ ತಂದ ಗೇಮ್ ಕನ್ಸೋಲುಗಳ ಮೇಲೆಯೇ. ‘ರೀಜನ್ ಲಾಕ್ (ಒಂದು ದೇಶದ ಯಂತ್ರದಲ್ಲಿ ಇನ್ನೊಂದು ದೇಶದ ಆಟ ಓಡದಂತೆ ಕಂಪನಿ ಹಾಕುವ ಬೀಗ) ಬಿಡಿಸುವುದು ಹೇಗೆ’ ಎಂದು ಎಲ್ಲರ ಪ್ರಶ್ನೆ. ಓದುತ್ತಾ ಹೋದರೆ ಕೆಲವರದ್ದು ಕರೆಂಟಿನ ತೊಂದರೆ, ಕೆಲವರದ್ದು ಅಕೌಂಟಿನದ್ದು. ನಿಜವಾದ ಬೀಗ ಇರುವುದು ಒಂದೆರಡು ಕಡೆ ಮಾತ್ರ. ಹಾಗಾಗಿ ಬೀಗ ಒಡೆಯುವ ಮಾತಿಗಿಂತ ಮೊದಲು, ಅದು ಬೀಗವೇ ಹೌದೋ ಅಲ್ಲವೋ ಎಂಬುದನ್ನು ನೋಡೋಣ.

ಪ್ರಶ್ನೆ: ನಮ್ಮ ಅಳಿಯ ಹಡಗಿನ್ಯಾಗ ಕೆಲಸ ಮಾಡ್ತಾರ್ರಿ. ಜಪಾನಿನಿಂದ ಹಳೇ ಸೂಪರ್ ಫ್ಯಾಮಿಕಾಮ್ ಒಂದು ತಂದಾರ, ಜೊತಿಗೆ ಅಡಾಪ್ಟರ್ ಬಂದಿಲ್ಲ. ಮನ್ಯಾಗಿದ್ದ ವೈಫೈ ಡಬ್ಬಿಯ 12 ವೋಲ್ಟಿನ ಅಡಾಪ್ಟರ್ ಚುಚ್ಚಿ ನೋಡಿದ್ವಿ, ಕೆಂಪು ದೀಪನೂ ಹತ್ತಲಿಲ್ಲ. ಅಮೆರಿಕದ ಕ್ಯಾಸೆಟ್ ಎರಡು ಅದಾವ, ಅವೂ ಒಳಗ ಹೋಗವಲ್ಲವು. ಲಾಕ್ ಆಗಿ ಬಂದ್ ಬಿದ್ದದೋ ಹ್ಯಾಂಗ?
(ವಾಸ್ಕೋ, ಗೋವಾ)

ಉತ್ತರ: ಲಾಕ್ ಆಗಿಲ್ಲ, ಬಹುಶಃ ಫ್ಯೂಸ್ ಹೋಗಿದೆ. ಸೂಪರ್ ಫ್ಯಾಮಿಕಾಮಿಗೆ ಬೇಕಾದದ್ದು 10 ವೋಲ್ಟ್ ಡಿಸಿ, 850 ಮಿಲಿ ಆಂಪಿಯರ್, ಅದೂ ಒಳಗಿನ ತೂತು ಮೈನಸ್, ಹೊರಗಿನ ಕೊಳವೆ ಪ್ಲಸ್. ನಮ್ಮಲ್ಲಿ ರೂಟರಿಗೆ, ಸಿಸಿಟಿವಿಗೆ ಬರುವ ಅಡಾಪ್ಟರುಗಳೆಲ್ಲ ಹೆಚ್ಚುಕಡಿಮೆ ಇದಕ್ಕೆ ತದ್ವಿರುದ್ಧ, ಒಳಗೆ ಪ್ಲಸ್. ಪಿನ್ ಸಲೀಸಾಗಿ ಕೂರುತ್ತದೆ, ಅಲ್ಲೇ ಮೋಸ. ಅಡಾಪ್ಟರಿನ ಮೈಮೇಲೆ ನಡುವೆ ಚುಕ್ಕೆ, ಎರಡು ಪಕ್ಕ ಪ್ಲಸ್ ಮೈನಸ್ ಇರುವ ಪುಟ್ಟ ಚಿತ್ರ ಇರುತ್ತದೆ, ಅದನ್ನು ನೋಡಿ. ನಂಬಿಕೆ ಬಾರದಿದ್ದರೆ ಮಲ್ಟಿಮೀಟರಿನ ಕೆಂಪು ಕಡ್ಡಿ ತೂತಿನೊಳಗೆ, ಕಪ್ಪು ಕಡ್ಡಿ ಹೊರಮೈಗೆ ಇಟ್ಟು ಅಳೆಯಿರಿ. ಅಂಕಿಯ ಮುಂದೆ ಮೈನಸ್ ಬಂದರೆ ಅದು ನಿಮ್ಮ ಯಂತ್ರಕ್ಕೆ ಸರಿಯಾದ ಅಡಾಪ್ಟರ್.

ಈಗ ಬಿಚ್ಚಿ ನೋಡಬೇಕು. ಕೆಳಗಿನ ಸ್ಕ್ರೂಗಳಿಗೆ ಸಾದಾ ಡ್ರೈವರ್ ಹಿಡಿಯುವುದಿಲ್ಲ, 4.5 ಮಿ.ಮೀ. ಗೇಮ್‌ಬಿಟ್ ಬೇಕು. ಬಿಸಿಮಾಡಿದ ಪ್ಲಾಸ್ಟಿಕ್ ಪೆನ್ನನ್ನು ಒತ್ತಿ ಡ್ರೈವರ್ ಮಾಡಿಕೊಳ್ಳುವವರಿದ್ದಾರೆ. ಅದು ಒಂದು ಸ್ಕ್ರೂಗೆ ಬರುತ್ತದೆ, ಎರಡನೆಯದರಲ್ಲೇ ತೇಯ್ದುಹೋಗುತ್ತದೆ. ಬೋರ್ಡಿನಲ್ಲಿ ಪವರ್ ಜಾಕಿನ ಹತ್ತಿರ ‘ಎಫ್1’ ಎಂದು ಗುರುತಿರುವ ಕಡೆ ರೆಸಿಸ್ಟರಿನ ಹಾಗೆ ಕಾಣುವ ಸಣ್ಣ ಭಾಗವೇ 1.5 ಆಂಪಿಯರ್ ಫ್ಯೂಸ್. ಮಲ್ಟಿಮೀಟರನ್ನು ಬೀಪ್ ಮೋಡಿಗೆ ಹಾಕಿ ಎರಡು ತುದಿ ಮುಟ್ಟಿಸಿ. ಸದ್ದು ಬರದಿದ್ದರೆ ಅದನ್ನು ಬಿಡಿಸಿ, ಅಷ್ಟೇ ಅಳತೆಯದನ್ನು ಬೆಸುಗೆ ಹಾಕಿಸಿ. ತಂತಿಯ ತುಂಡಿನಿಂದ ಜೋಡಿಸಿಕೊಡುತ್ತೇನೆ ಎನ್ನುವ ರಿಪೇರಿಯವರಿಗೆ ಒಪ್ಪಬೇಡಿ. ಮುಂದಿನ ಸಲ ಸುಡುವುದು ಬೋರ್ಡೇ. ಹೊಸ ಫ್ಯೂಸೂ ಹಾಕಿದ ಕೂಡಲೇ ಹೋದರೆ ಹೀಟ್‌ಸಿಂಕಿಗೆ ಕೂತಿರುವ 7805 ರೆಗ್ಯುಲೇಟರನ್ನೂ ಅದರ ಪಕ್ಕದ ಕೆಪಾಸಿಟರುಗಳನ್ನೂ ಪರೀಕ್ಷೆ ಮಾಡಿಸಿ.

ಅಡಾಪ್ಟರಿಗೆ ಗೋವಾದಲ್ಲೇ ಸುಲಭದ ದಾರಿ ಇದೆ. ಸಂಗೀತ ವಾದ್ಯದ ಅಂಗಡಿಯಲ್ಲಿ ಗಿಟಾರ್ ಪೆಡಲಿನ 9 ವೋಲ್ಟ್ ಅಡಾಪ್ಟರ್ ಕೇಳಿ. ಪೆಡಲುಗಳಿಗೂ ಒಳಗೆ ಮೈನಸ್ಸೇ ಬೇಕು. 1 ಆಂಪಿಯರ್ ಅಥವಾ ಅದಕ್ಕೂ ಹೆಚ್ಚಿನದನ್ನೇ ಆರಿಸಿ, ಅಲ್ಲಿ 200 ಮಿಲಿ ಆಂಪಿಯರಿನವೂ ಇಟ್ಟಿರುತ್ತಾರೆ. 10ರ ಬದಲು 9 ವೋಲ್ಟ್ ಸಾಕೇ ಎಂದರೆ ಸಾಕು, ಒಳ್ಳೆಯದೇ. 7805 ಒಳಬಂದದ್ದನ್ನೆಲ್ಲ 5 ವೋಲ್ಟಿಗೆ ಇಳಿಸುತ್ತದೆ, ಮಿಕ್ಕದ್ದು ಬಿಸಿಯಾಗಿ ಹೋಗುತ್ತದೆ. ಅರ್ಧ ಆಂಪಿಯರ್ ಎಳೆದಾಗ 12 ವೋಲ್ಟಿನಲ್ಲಿ ಮೂರೂವರೆ ವಾಟ್ ಬಿಸಿ, 9 ವೋಲ್ಟಿನಲ್ಲಿ ಎರಡೇ ವಾಟ್.

ಇನ್ನು ಕ್ಯಾಸೆಟ್. ಅಮೆರಿಕದ ಮತ್ತು ಜಪಾನಿನ ಯಂತ್ರಗಳಲ್ಲಿ ಲಾಕ್ ಚಿಪ್ ಒಂದೇ. ನಡುವೆ ಇರುವ ಬೇಲಿ ಬರೀ ಪ್ಲಾಸ್ಟಿಕ್ಕಿನದು: ಅಮೆರಿಕದ ಕ್ಯಾಸೆಟ್ ಅಗಲ, ಚಪ್ಪಟೆ, ಜಪಾನಿನ ಬಾಯಿ ಸಣ್ಣದು, ಮುಂಭಾಗ ಬಾಗಿದ್ದು. ಆಕಾರ ಹೊಂದಿಸುವ ನಡುವಿನ ಅಡಾಪ್ಟರ್ ಸಿಗುತ್ತದೆ. ಸಿಗದಿದ್ದರೆ 3.8 ಮಿ.ಮೀ. ಗೇಮ್‌ಬಿಟ್ಟಿನಿಂದ ಕ್ಯಾಸೆಟ್ ಬಿಚ್ಚಿ ಒಳಗಿನ ಬೋರ್ಡನ್ನಷ್ಟೇ ಕೂರಿಸಬಹುದು. ಸ್ಟಿಕರ್ ಇದ್ದ ಬದಿ ನಿಮ್ಮ ಕಡೆಗೇ ಇರಬೇಕು, ಪವರ್ ಆಫ್ ಇರಬೇಕು. ಹಿಂದುಮುಂದಾದರೆ ಕ್ಯಾಸೆಟ್ಟಿನ ಆಸೆ ಬಿಡಿ. (ನಿಮ್ಮದಕ್ಕೆ ಉಲ್ಟಾ, ಅಮೆರಿಕದ ಯಂತ್ರ ಇದ್ದು ಜಪಾನಿನ ಕ್ಯಾಸೆಟ್ ಹಾಕಬೇಕಾದವರಿಗೆ ಕೆಲಸ ಇನ್ನೂ ಸಣ್ಣದು: ಕ್ಯಾಸೆಟ್ ಬಾಯಿಯ ಹಿಂಬದಿಯಲ್ಲಿ ಎರಡು ಪ್ಲಾಸ್ಟಿಕ್ ಹಲ್ಲುಗಳಿವೆ, ಅವನ್ನು ಇಕ್ಕಳದಿಂದ ಮುರಿದು ತೆಗೆದರೆ ಮುಗಿಯಿತು.)

ಯುರೋಪಿನ ಕ್ಯಾಸೆಟ್ ತಂದರೆ ಆಗ ಎದುರಾಗುವುದು ನಿಜವಾದ ಬೀಗ. ಅಮೆರಿಕ-ಜಪಾನ್ ಚಿಪ್ಪಿನ ಮೇಲೆ 411, ಯುರೋಪಿನದರ ಮೇಲೆ 413 ಎಂದಿರುತ್ತದೆ. ಎರಡೂ ಒಂದಕ್ಕೊಂದು ಮಾತಾಡುವುದಿಲ್ಲ. ಕನ್ಸೋಲಿನ ಚಿಪ್ಪಿನ ನಾಲ್ಕನೇ ಕಾಲು ಎತ್ತಿಬಿಡುವ ಹಳೇ ಉಪಾಯ ಬಹಳ ಆಟಗಳಿಗೆ ನಡೆಯುತ್ತದೆ, ಆದರೆ ಎಸ್‌ಎ-1 ಎಂಬ ಹೆಚ್ಚುವರಿ ಪ್ರೊಸೆಸರ್ ಚಿಪ್ ಇರುವ ಕ್ಯಾಸೆಟ್‌ಗಳು ಕೈಕೊಡುತ್ತವೆ. ಅವುಗಳಲ್ಲಿ ಬೀಗದ ಕೈಯೂ ಆ ಚಿಪ್ಪಿನೊಳಗೇ ಇದ್ದು, ಎದುರಿನಿಂದ ಉತ್ತರ ಬಾರದಿದ್ದರೆ ಆಟ ಶುರುವಾಗುವುದಿಲ್ಲ. ಅದಕ್ಕೆ ಹಳೇ ಚಿಪ್ ತೆಗೆದು, ಎರಡೂ ಬಗೆಯ ಬೀಗಕ್ಕೆ ಉತ್ತರ ಕೊಡುವ ಸೂಪರ್‌ಸಿಐಸಿ ಎಂಬ ಪ್ರೋಗ್ರಾಮ್ ತುಂಬಿದ ಪಿಐಸಿ16ಎಫ್630 ಚಿಪ್ ಕೂರಿಸುವುದೇ ಸರಿಯಾದ ದಾರಿ.

ಟಿವಿಯಲ್ಲಿ ಚಿತ್ರ ಕಪ್ಪುಬಿಳುಪಾಗಿ ಬಂದರೆ ಗಾಬರಿ ಬೇಡ. ಅದು ಅಮೆರಿಕ-ಜಪಾನಿನ ಎನ್‌ಟಿಎಸ್‌ಸಿ ಪದ್ಧತಿಯ ಸಿಗ್ನಲ್, ನಮ್ಮ ಪಾಲ್ ಪದ್ಧತಿಯ ಹಳೇ ಟಿವಿಗೆ ಅದರ ಬಣ್ಣ ಓದಲು ಬರುವುದಿಲ್ಲ. ಈಗಿನ ಎಲ್‌ಇಡಿ ಟಿವಿಯ ಹಳದಿ ಎವಿ ಜಾಕಿಗೆ ಹಾಕಿ ನೋಡಿ.

ಪ್ರಶ್ನೆ: ತಮ್ಮ ಒಸಾಕಾದಿಂದ ಹಳೇ ದಪ್ಪ ಪ್ಲೇಸ್ಟೇಷನ್ 2 ಕಳಿಸಿದ್ದಾನೆ. ಹಿಂದೆ 100 ವೋಲ್ಟ್ ಎಂದು ಬರೆದಿದೆ. ಬುಧವಾರ ಪೇಟೆಯ ಒಂದು ಅಂಗಡಿಯಲ್ಲಿ ‘ಟ್ರಾವೆಲ್ ಕನ್ವರ್ಟರ್ ಹಾಕಿ, ಸಾಕು’ ಅಂದರು. ಹಾಕಬಹುದೇ? ಇಲ್ಲಿ ಕೊಂಡ ಡಿಸ್ಕುಗಳು ಓಡುತ್ತವೆಯೇ?
(ಪಿಂಪ್ರಿ, ಪುಣೆ)

ಉತ್ತರ: ಹಾಕಬೇಡಿ. ಹೇರ್ ಡ್ರೈಯರ್, ಇಸ್ತ್ರಿಪೆಟ್ಟಿಗೆಗೆಂದು ಮಾರುವ ಹಗುರ ಕನ್ವರ್ಟರುಗಳು ವೋಲ್ಟೇಜನ್ನು ಇಳಿಸುವುದಿಲ್ಲ, ಅಲೆಯನ್ನು ಕತ್ತರಿಸಿ ಸರಾಸರಿ ಕಡಿಮೆ ಮಾಡುತ್ತವೆ. ಕಾಯುವ ತಂತಿಗೆ ಅದು ನಡೆಯುತ್ತದೆ, ಎಲೆಕ್ಟ್ರಾನಿಕ್ಸಿಗೆ ನಡೆಯುವುದಿಲ್ಲ. ಲೆಕ್ಕ ನೋಡಿ: ನಮ್ಮ 230 ವೋಲ್ಟಿನ ಅಲೆಯ ತುದಿ 325 ವೋಲ್ಟ್ ಮುಟ್ಟುತ್ತದೆ. 100 ವೋಲ್ಟಿನ ಪವರ್ ಸಪ್ಲೈಯಲ್ಲಿ ಮೊದಲ ದೊಡ್ಡ ಕೆಪಾಸಿಟರ್ ಸಾಮಾನ್ಯವಾಗಿ 200 ವೋಲ್ಟಿನದು. ಅದು ಉಬ್ಬಿ, ‘ಟಪ್’ ಎಂದು ಸಿಡಿದು, ಮೀನು ಹುರಿದ ವಾಸನೆ ಬಂದಮೇಲೆಯೇ ವಿಷಯ ಗೊತ್ತಾಗುವುದು.

ನಿಮಗೆ ಬೇಕಾದದ್ದು ಕಬ್ಬಿಣದ ತಿರುಳಿನ, ಕೈಗೆ ಭಾರ ಎನಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್. ತಾಪ್ಕೀರ್ ಗಲ್ಲಿಯಲ್ಲಿ ಕೇಳಿದರೆ ಮೊದಲು ಕೈಗಿಡುವುದು 110 ವೋಲ್ಟಿನದ್ದನ್ನು. ರಾತ್ರಿ ಹೊತ್ತು ಲೈನ್ 250ಕ್ಕೆ ಏರಿದರೆ ಅದು ಸುಮಾರು 120 ಕೊಡುತ್ತದೆ, ಜಪಾನಿನ ಯಂತ್ರಕ್ಕೆ ಅಷ್ಟು ಬೇಡ. 100 ವೋಲ್ಟ್, 100 ವಿಎ ಎಂದು ಹೇಳಿ ಸುತ್ತಿಸಿಕೊಳ್ಳಿ. ಎರಡು ಬೇರೆ ಬೇರೆ ಸುರುಳಿ ಇರುವಂಥದ್ದೇ ಬೇಕೆಂದು ಒತ್ತಿ ಹೇಳಿ. ಒಂದೇ ಸುರುಳಿಯ ಆಟೋ ಟ್ರಾನ್ಸ್‌ಫಾರ್ಮರ್ ಅಗ್ಗ, ಹಗುರ. ಆದರೆ ಅದರ ಸುರುಳಿ ತಪ್ಪಾದ ಜಾಗದಲ್ಲಿ ಕಡಿದರೆ ಪೂರಾ 230 ವೋಲ್ಟ್ ನೇರ ಕನ್ಸೋಲಿಗೆ ನುಗ್ಗುತ್ತದೆ. ಮನೆಗೆ ತಂದಮೇಲೆ ಏನನ್ನೂ ಜೋಡಿಸದೆ ಔಟ್‌ಪುಟ್ ಅಳೆಯಿರಿ. ಲೋಡ್ ಇಲ್ಲದಾಗ ನಾಲ್ಕೈದು ವೋಲ್ಟ್ ಹೆಚ್ಚು ತೋರಿಸಿದರೆ ಚಿಂತೆಯಿಲ್ಲ. ಜಪಾನಿನ ಚಪ್ಪಟೆ ಎರಡು ಕಡ್ಡಿಯ ಪ್ಲಗ್ ಟ್ರಾನ್ಸ್‌ಫಾರ್ಮರಿನ ಸಾಕೆಟ್ಟಿಗೆ ಮಾತ್ರ ಹೋಗಲಿ. ಮನೆಯಲ್ಲಿ ಗೋಡೆಗೆ ಚುಚ್ಚುವ ಪಿನ್ ಕನ್ವರ್ಟರ್ ಇದ್ದರೆ ಎತ್ತಿಡಿ. ಯಾರಾದರೂ ಒಂದು ದಿನ ಮರೆತು ನೇರ ಗೋಡೆಗೇ ಚುಚ್ಚುತ್ತಾರೆ.

ಡಿಸ್ಕಿನ ಬೀಗ ಇಲ್ಲಿ ನಿಜವೇ. ಮಾದರಿ ಸಂಖ್ಯೆಯ ಕೊನೆಯ ಅಂಕಿ ಊರನ್ನು ಹೇಳುತ್ತದೆ: 0 ಜಪಾನ್, 1 ಅಮೆರಿಕ, 3 ಬ್ರಿಟನ್, 4 ಯುರೋಪ್. ಡಿಸ್ಕ್ ಓದುವ ಭಾಗವನ್ನು ನಡೆಸುವ ಮೆಕಾಕಾನ್ ಎಂಬ ಚಿಪ್ಪೇ ಕಾವಲುಗಾರ. ಫ್ರೀ ಎಂಸಿ ಬೂಟ್ ಎಂಬ ಪ್ರೋಗ್ರಾಮ್ ತುಂಬಿದ 8 ಎಂಬಿ ಮೆಮೊರಿ ಕಾರ್ಡ್ ಹಾಕಿದರೆ ಹೊರಗಿನ ಪ್ರೋಗ್ರಾಮುಗಳು ಓಡುತ್ತವೆ, ಆದರೆ ಅದೊಂದರಿಂದಲೇ ಪರದೇಶದ ಅಸಲಿ ಡಿಸ್ಕ್ ಓಡುತ್ತದೆ ಎಂದು ಮಾರುವವರ ಮಾತು ನಂಬಬೇಡಿ. ಆ ಕಾವಲುಗಾರನ ಸೆಟ್ಟಿಂಗನ್ನೇ ತಿದ್ದುವುದು 2021ರಲ್ಲಿ ಬಂದ ಮೆಕಾಪ್ವನ್ ಎಂಬ ಪ್ರೋಗ್ರಾಮ್. ಅದು ಹೊಸ ಬಗೆಯ ಮೆಕಾಕಾನ್ ಇರುವ ಯಂತ್ರಗಳಿಗೆ, ಅಂದರೆ 50000 ಸರಣಿಯ ಆಚೀಚೆಯಿಂದ ಮುಂದಿನವಕ್ಕೆ. 30000, 39000 ಸರಣಿಯ ದಪ್ಪ ಯಂತ್ರಗಳಿಗೆ ಬೀಗ ತಪ್ಪಿಸುವ ಹೆಚ್ಚುವರಿ ಚಿಪ್, ಅಂದರೆ ಮಾಡ್‌ಚಿಪ್ ಬೆಸೆಯುವುದೇ ಹಳೇ ದಾರಿ. ಮೆಕಾಪ್ವನ್ ಬರೆಯುತ್ತಿರುವಾಗ ಕರೆಂಟ್ ಹೋದರೆ ಯಂತ್ರ ಏಳದೇ ಹೋಗಬಹುದು. ಮಹಾವಿತರಣದ ಮೇಲೆ ಎಷ್ಟೇ ಭರವಸೆ ಇದ್ದರೂ ಆ ಹತ್ತು ನಿಮಿಷ ಟ್ರಾನ್ಸ್‌ಫಾರ್ಮರನ್ನು ಇನ್ವರ್ಟರ್ ಲೈನಿಗೆ ಹಾಕಿಕೊಳ್ಳಿ, ಅದು ಸೈನ್‌ವೇವ್ ಇನ್ವರ್ಟರ್ ಆಗಿದ್ದರೆ ಮಾತ್ರ.

ಪ್ರಶ್ನೆ: ದುಬೈಯಲ್ಲಿರುವ ಅಣ್ಣ ಪಿಎಸ್5 ಮತ್ತು ಒಂದು ಆಟದ ಡಿಸ್ಕ್ ತಂದುಕೊಟ್ಟಿದ್ದಾರೆ. ಆಟ ಓಡುತ್ತದೆ, ಆದರೆ ಡಬ್ಬಿಯೊಳಗಿನ ಚೀಟಿಯ ಕೋಡ್ ನನ್ನ ಅಕೌಂಟಿನಲ್ಲಿ ತಗೊಳ್ಳುತ್ತಿಲ್ಲ. ಇಲ್ಲಿಯ ಬ್ಲೂರೇ ಸಿನಿಮಾ ಡಿಸ್ಕೂ ಬೇಡ ಎನ್ನುತ್ತಿದೆ. ಲ್ಯಾಮಿಂಗ್ಟನ್ ರೋಡಿನಲ್ಲಿ ‘ಅನ್‌ಲಾಕ್’ ಮಾಡಿಸಬಹುದೇ?
(ಡೊಂಬಿವಲಿ)

ಉತ್ತರ: ಪಿಎಸ್5 ಆಟದ ಡಿಸ್ಕಿಗೆ ರೀಜನ್ ಲಾಕ್ ಇಲ್ಲ, ಹಾಗಾಗಿ ಅನ್‌ಲಾಕ್ ಮಾಡಿಸುವುದಕ್ಕೆ ಏನೂ ಇಲ್ಲ. ಮಾಡಿಕೊಡುತ್ತೇನೆ ಎನ್ನುವವರ ಅಂಗಡಿಯಿಂದ ಕನ್ಸೋಲ್ ಸಮೇತ ಹೊರಗೆ ಬನ್ನಿ.

ನಿಮ್ಮ ಗಂಟು ಅಕೌಂಟಿನಲ್ಲಿದೆ. ಚೀಟಿಯ ಕೋಡ್ ಯಾವ ದೇಶದ ಸ್ಟೋರಿಗೆ ಛಾಪಿಸಿದ್ದೋ ಆ ಸ್ಟೋರಿನ ಅಕೌಂಟಿಗೇ ಇಳಿಯುತ್ತದೆ. ಅಕೌಂಟಿನ ದೇಶ ಒಮ್ಮೆ ಆರಿಸಿದ ಮೇಲೆ ಬದಲಾಗುವುದಿಲ್ಲ, ಹಾಗಾಗಿ ಭಾರತದ ಅಕೌಂಟನ್ನು ಮುಟ್ಟಬೇಡಿ. ಬೇರೊಂದು ಇಮೇಲಿನಿಂದ ಯುಎಇ ದೇಶ ಆರಿಸಿ ಎರಡನೇ ಅಕೌಂಟ್ ಮಾಡಿ, ಅದನ್ನು ಅದೇ ಕನ್ಸೋಲಿಗೆ ಸೇರಿಸಿ, ಕೋಡನ್ನು ಅಲ್ಲಿ ಹಾಕಿ. ಆಮೇಲೆ ಆ ಅಕೌಂಟಿನಲ್ಲಿದ್ದುಕೊಂಡೇ ಸೆಟ್ಟಿಂಗ್ಸ್, ಯೂಸರ್ಸ್ ಅಂಡ್ ಅಕೌಂಟ್ಸ್, ಅದರ್, ಕನ್ಸೋಲ್ ಶೇರಿಂಗ್ ಅಂಡ್ ಆಫ್‌ಲೈನ್ ಪ್ಲೇ ಎಂಬಲ್ಲಿಗೆ ಹೋಗಿ ಎನೇಬಲ್ ಮಾಡಿ. ಒಂದು ಅಕೌಂಟಿಗೆ ಒಂದೇ ಪಿಎಸ್5ರಲ್ಲಿ ಇದನ್ನು ಆನ್ ಮಾಡಬಹುದು, ಆದರೆ ಒಂದೇ ಪಿಎಸ್5ರಲ್ಲಿ ಹಲವು ಅಕೌಂಟುಗಳು ಆನ್ ಇರಬಹುದು. ಬಹಳ ಜನ ತಪ್ಪುವ ಮೆಟ್ಟಿಲು ಇದೇ. ಇಷ್ಟಾದ ಮೇಲೆ ನಿಮ್ಮ ಭಾರತದ ಅಕೌಂಟಿನಿಂದಲೇ ಆಡಿ, ಹೆಚ್ಚುವರಿ ಸಾಮಾನೆಲ್ಲ ಕಾಣಿಸುತ್ತದೆ.

ಮುಂದೆ ಆ ಆಟಕ್ಕೆ ಡಿಎಲ್‌ಸಿ (ಆಮೇಲೆ ಡೌನ್‌ಲೋಡ್ ಮಾಡಿ ಸೇರಿಸುವ ಹೆಚ್ಚುವರಿ ಭಾಗ) ಕೊಳ್ಳುವಾಗಲೂ ಇದೇ ಸೂತ್ರ. ಒಂದೇ ಆಟದ ಅಮೆರಿಕ, ಯುರೋಪ್, ಏಷ್ಯಾ ಮುದ್ರಣಗಳಿಗೆ ಸಾಮಾನ್ಯವಾಗಿ ಬೇರೆ ಬೇರೆ ಗುರುತು ಸಂಖ್ಯೆ. ಡಿಎಲ್‌ಸಿ ಹೊಂದುವುದು ತನ್ನ ಸಂಖ್ಯೆಗೆ ಮಾತ್ರ. ಡಿಸ್ಕ್ ಮಾರಿ ಇನ್ನೊಂದು ಮುದ್ರಣದ್ದು ಕೊಂಡರೆ ಹಳೇ ಸೇವ್ ಫೈಲೂ ಎತ್ತಿಕೊಳ್ಳದೆ ಹೋಗಬಹುದು.

ಬ್ಲೂರೇ ಮಾತು ಬೇರೆ, ಅಲ್ಲಿ ಬೀಗವಿದೆ, ಕೀಲಿ ಇಲ್ಲ. ಬ್ಲೂರೇಗೆ ಭಾರತ ‘ಸಿ’ ವಲಯ, ಯುಎಇ ‘ಬಿ’. ಡಿವಿಡಿಗಾದರೆ ಭಾರತ 5, ಯುಎಇ 2. ಕನ್ಸೋಲಿನ ವಲಯ ಬದಲಿಸುವ ಸೆಟ್ಟಿಂಗ್ ಇಲ್ಲ. ಎಲ್ಲ ವಲಯಕ್ಕೂ ಎಂದು ಗುರುತಿರುವ ಡಿಸ್ಕ್ ಅಥವಾ 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕ್ ಕೊಂಡರೆ ತಂಟೆಯಿಲ್ಲ, 4ಕೆ ಡಿಸ್ಕುಗಳಿಗೆ ವಲಯದ ಕಟ್ಟುಪಾಡಿಲ್ಲ.

ಪ್ರಶ್ನೆ: ಟೋಕಿಯೋಗೆ ಹೋದ ಸಹೋದ್ಯೋಗಿ ಹತ್ತಿರ ನಿಂಟೆಂಡೋ ಸ್ವಿಚ್ 2 ತರಿಸಬೇಕೆಂದಿದ್ದೇನೆ. ಅಲ್ಲಿ ಒಂದೇ ಯಂತ್ರಕ್ಕೆ ಎರಡು ದರವಂತೆ. ಅಗ್ಗದ್ದು ತಂದು ಇಲ್ಲಿ ಇಂಗ್ಲಿಷ್ ಮಾಡಿಕೊಳ್ಳಬಹುದೇ?
(ಹಿಂಜೆವಾಡಿ, ಪುಣೆ)

ಉತ್ತರ: ಬೇಡ. ಸ್ವಿಚ್ 2 ಬಂದದ್ದು 2025ರ ಜೂನ್ 5ರಂದು. ಆಗ ಜಪಾನಿನಲ್ಲಿ ಜಪಾನೀ ಭಾಷೆಯ ಮಾದರಿಗೆ 49,980 ಯೆನ್, ಬಹುಭಾಷೆಯದಕ್ಕೆ 69,980 ಯೆನ್ ಇಟ್ಟರು. ಅಗ್ಗದ್ದರಲ್ಲಿ ಮೆನು ಜಪಾನಿಯಲ್ಲಿ ಮಾತ್ರ. ಜಪಾನ್ ಎಂದು ದೇಶ ಆರಿಸಿದ ನಿಂಟೆಂಡೋ ಅಕೌಂಟನ್ನಷ್ಟೇ ಅದು ಒಪ್ಪುತ್ತದೆ. ಅಕೌಂಟಿನ ದೇಶ ಬದಲಿಸಿಕೊಂಡರಾಯಿತಲ್ಲ ಎಂದುಕೊಂಡರೆ ಮುಂದಿನ ಗೋಡೆ ದುಡ್ಡಿನದು: 2025ರ ಮಾರ್ಚ್ ಕೊನೆಯಿಂದ ನಿಂಟೆಂಡೋದ ಆನ್‌ಲೈನ್ ಅಂಗಡಿಯಾದ ಇ-ಶಾಪ್ ಜಪಾನಿನಲ್ಲಿ ಹೊರದೇಶದ ಕ್ರೆಡಿಟ್ ಕಾರ್ಡನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿದೆ. ಪ್ರತಿ ಸಲ ಜಪಾನಿನ ಪ್ರೀಪೇಡ್ ಕಾರ್ಡ್ ಹುಡುಕಬೇಕು. ಉಳಿಸಿದ 20,000 ಯೆನ್ನಿನ ಸುಖ ಅಲ್ಲಿಗೆ ಮುಗಿಯುತ್ತದೆ.

ಸಹೋದ್ಯೋಗಿಗೆ ‘ಬಹುಭಾಷೆಯದ್ದೇ’ ಎಂದು ಬರೆದು ಕಳಿಸಿ, ಬಿಲ್ ಮಾಡುವ ಮೊದಲು ಡಬ್ಬಿಯ ಫೋಟೋ ತರಿಸಿ. ಚಾರ್ಜರ್ 100ರಿಂದ 240 ವೋಲ್ಟಿನದು, ಪಿನ್ ಬದಲಿಸಿದರೆ ಸಾಕು, ಟ್ರಾನ್ಸ್‌ಫಾರ್ಮರ್ ಬೇಡ.

ಇಲ್ಲೇ ಹೀರಾ ಪನ್ನಾದಲ್ಲೋ ಯಾರದೋ ಕೈಯಿಂದಲೋ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ದುಡ್ಡು ಕೊಡುವ ಮೊದಲು ನಿಮ್ಮ ಮೊಬೈಲ್ ಹಾಟ್‌ಸ್ಪಾಟಿಗೆ ಕನ್ಸೋಲನ್ನು ಜೋಡಿಸಿ ಇ-ಶಾಪ್ ತೆರೆದು ನೋಡಿ. 2124-4508 ಎಂಬ ಎರರ್ ಬಂದರೆ ಆ ಯಂತ್ರವನ್ನು ನಿಂಟೆಂಡೋ ಆನ್‌ಲೈನಿನಿಂದ ಹೊರಗಿಟ್ಟಿದೆ ಎಂದರ್ಥ. ನಕಲಿ ಗೇಮ್ ಕಾರ್ಡ್ ಬಳಸಿದವರ ಯಂತ್ರಗಳಿಗೆ ಹೀಗಾಗಿದೆ. ನಿರ್ಬಂಧ ಯಂತ್ರಕ್ಕೇ ಅಂಟಿರುತ್ತದೆ, ಅಕೌಂಟ್ ಬದಲಿಸಿದರೂ ಹೋಗುವುದಿಲ್ಲ.

ಪ್ರಶ್ನೆ: ಮಗಳಿಗೆ ನಮ್ಮ ಅಕ್ಕ ಜಪಾನಿನಿಂದ ಹಳೇ ನಿಂಟೆಂಡೋ 3ಡಿಎಸ್ ಕೊಟ್ಟಿದ್ದಾರೆ. ಇಂಗ್ಲಿಷ್ ಕಾರ್ಡುಗಳಲ್ಲಿ ಕೆಲವು ಓಡುತ್ತವೆ, ಕೆಲವು ಇಲ್ಲ. ಕಾರ್ಡ್ ಹಾಳಾಗಿದೆಯೇ?
(ನೆರುಳ್, ನವಿ ಮುಂಬಯಿ)

ಉತ್ತರ: ಓಡುತ್ತಿರುವವು ಹಿಂದಿನ ಡಿಎಸ್ ಕಾರ್ಡುಗಳು ಇರಬೇಕು, ಅವಕ್ಕೆ ಬೀಗವಿಲ್ಲ. ಡಿಎಸ್ಐಗೆ ಮಾತ್ರ ಎಂದು ಬಂದವಕ್ಕೆ ಮತ್ತು 3ಡಿಎಸ್ ಕಾರ್ಡುಗಳಿಗೆ ಬೀಗವಿದೆ. ಸಿಸ್ಟಮ್ ಸೆಟ್ಟಿಂಗ್ಸ್ ತೆರೆದರೆ ಪರದೆಯ ಮೂಲೆಯಲ್ಲಿ ಆವೃತ್ತಿ ಸಂಖ್ಯೆಯ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಕಾಣುತ್ತದೆ: ‘ಜೆ’ ಜಪಾನ್, ‘ಯು’ ಅಮೆರಿಕ, ‘ಇ’ ಯುರೋಪ್.

ಈ ಬೀಗ ಸಾಫ್ಟ್‌ವೇರಿನದು, ಬೆಸುಗೆಯ ಕೆಲಸವಿಲ್ಲ. ಲೂಮಾ3ಡಿಎಸ್ ಎಂಬ ಕಸ್ಟಮ್ ಫರ್ಮ್‌ವೇರ್ (ಕಂಪನಿಯದಲ್ಲದ, ಹೊರಗಿನವರು ತಿದ್ದಿದ ಒಳ ತಂತ್ರಾಂಶ) ಹಾಕಿದರೆ ಬೇರೆ ದೇಶದ ಕಾರ್ಡುಗಳೂ ಹೋಮ್ ಮೆನುವಿನಲ್ಲಿ ಕಾಣುತ್ತವೆ. ಹಾಕುವ ದಾರಿ ಆವೃತ್ತಿಯಿಂದ ಆವೃತ್ತಿಗೆ ಬೇರೆ, ಹಾಗಾಗಿ ಹಳೇ ವೀಡಿಯೋ ನೋಡಿ ಶುರು ಮಾಡಬೇಡಿ. ಎಲ್ಲರೂ ಎಡವುವುದು ಎಸ್‌ಡಿ ಕಾರ್ಡಿನಲ್ಲಿ. ಮನೀಷ್ ಮಾರ್ಕೆಟ್ಟಿನ ಅಗ್ಗದ 64 ಜಿಬಿ ಕಾರ್ಡ್ ಒಳಗೆ 8 ಜಿಬಿಯೇ ಇರಬಹುದು. ಮೊದಲು ಪೂರ್ತಿ ಬರೆದು ಓದಿಸಿ ಪರೀಕ್ಷಿಸಿ. 32 ಜಿಬಿ ಧಾರಾಳವಾಯಿತು. ಫಾರ್ಮ್ಯಾಟ್ ಫ್ಯಾಟ್32 ಇರಬೇಕು. ಎಕ್ಸ್‌ಫ್ಯಾಟ್ ಕಾರ್ಡನ್ನು ಯಂತ್ರ ಗುರುತಿಸುವುದೇ ಇಲ್ಲ. ಬೂಟ್ ಡಾಟ್ ಫರ್ಮ್ ಎಂಬ ಫೈಲ್ ಯಾವ ಫೋಲ್ಡರಿನೊಳಗೂ ಇರದೆ ನೇರ ಕಾರ್ಡಿನ ಮೊದಲ ಪುಟದಲ್ಲೇ ಇರಲಿ. ಬ್ಯಾಟರಿ ತುಂಬಿಸಿಕೊಂಡೇ ಕೂರಿ. ಮುಗಿದ ಕೂಡಲೇ ಗಾಡ್‌ಮೋಡ್9 ಎಂಬ ಪ್ರೋಗ್ರಾಮಿನಿಂದ ಒಳಗಿನ ಮೆಮೊರಿಯ ಪೂರ್ತಿ ಬ್ಯಾಕಪ್ ತೆಗೆದು ಕಂಪ್ಯೂಟರಿನಲ್ಲಿಡಿ. ಒಂದು ಜಿಬಿಯ ಆಸುಪಾಸು ಆಗುತ್ತದೆ. ಈ ಒಂದು ಹೆಜ್ಜೆ ಬಿಟ್ಟವರ ಯಂತ್ರಗಳೇ ಆಮೇಲೆ ಡ್ರಾಯರಿನಲ್ಲಿ ಮಲಗುವುದು.

ಮೆನು ಮಾತ್ರ ಜಪಾನಿಯಲ್ಲೇ ಉಳಿಯುತ್ತದೆ. ಯಂತ್ರದ ದೇಶವನ್ನೇ ಬದಲಿಸುವ ವಿಧಾನವೂ ಇದೆ, ಆದರೆ ಮಕ್ಕಳ ಯಂತ್ರಕ್ಕೆ ಆ ಸಾಹಸ ಬೇಡ. ಇ-ಶಾಪಿನಲ್ಲಿ ಹೊಸದಾಗಿ ಏನೂ ಕೊಳ್ಳಲಾಗುವುದಿಲ್ಲ, 2023ರ ಮಾರ್ಚ್ 27ಕ್ಕೆ ಮಾರಾಟ ನಿಂತಿದೆ.

ಪ್ರಶ್ನೆ: ಇದೆಲ್ಲ ಕಾನೂನಿಗೆ ವಿರುದ್ಧವಲ್ಲವೇ?
(ಮಡಗಾಂವ್)

ಉತ್ತರ: 2012ರ ತಿದ್ದುಪಡಿಯಲ್ಲಿ ಕಾಪಿರೈಟ್ ಕಾಯ್ದೆಗೆ 65ಎ ಸೇರಿತು. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಮುರಿದರೆ ಎರಡು ವರ್ಷದವರೆಗೆ ಸೆರೆ ಮತ್ತು ದಂಡ. ಕಾಯ್ದೆ ನಿಷೇಧಿಸದ ಉದ್ದೇಶಕ್ಕೆ ಮಾಡಿದರೆ ಆ ಕಲಮು ತಡೆಯುವುದಿಲ್ಲ ಎಂದು ಅದರಲ್ಲೇ ಇದೆ. ದುಡ್ಡು ಕೊಟ್ಟು ಕೊಂಡ ಜಪಾನಿನ ಡಿಸ್ಕನ್ನು ನಿಮ್ಮ ಯಂತ್ರದಲ್ಲಿ ಓಡಿಸುವುದೂ, ಚಿಪ್ ಹಾಕಿ ಐನೂರು ನಕಲಿ ಆಟ ತುಂಬಿಸಿಕೊಳ್ಳುವುದೂ ಒಂದೇ ಅಲ್ಲ. ಕಂಪನಿಯ ಷರತ್ತು ಮುರಿದದ್ದಕ್ಕೆ ಆನ್‌ಲೈನ್ ಬಂದ್ ಮಾಡುವ ಅಧಿಕಾರ ಅವರಿಗೆ ಬೇರೆಯೇ ಇದೆ, ಅದಕ್ಕೆ ಕೋರ್ಟು ಬೇಕಿಲ್ಲ.

ಪ್ರಶ್ನೆ: ಅಮೆರಿಕದ ಎಕ್ಸ್‌ಬಾಕ್ಸ್ 360 ಇದೆ. ಇಟ್ಟಿಗೆಯಂಥ ಅಡಾಪ್ಟರ್ 110 ವೋಲ್ಟಿನದು. ಏನು ಮಾಡಲಿ?
(ಠಾಣೆ)

ಉತ್ತರ: ಟ್ರಾನ್ಸ್‌ಫಾರ್ಮರಿಗೆ ದುಡ್ಡು ಹಾಕಬೇಡಿ, ಅಡಾಪ್ಟರನ್ನೇ 220 ವೋಲ್ಟಿನದಕ್ಕೆ ಬದಲಿಸಿ. ಮೊದಲ ಮಾದರಿಗಳಿಗೆ 203 ವಾಟ್, ಆಮೇಲೆ 175, 150, ಸ್ಲಿಮ್‌ಗೆ 135 ವಾಟ್ ಬಂದವು. ಹೆಚ್ಚು ವಾಟಿನದು ಕಡಿಮೆ ಬೇಡುವ ದಪ್ಪ ಮಾದರಿಗೆ ಕೂರುತ್ತದೆ, ಕಡಿಮೆಯದು ಹೆಚ್ಚು ಬೇಡುವುದಕ್ಕೆ ಕೂರದ ಹಾಗೆ ಪಿನ್ನಿನಲ್ಲಿ ಗೀಟು ಕೊರೆದಿದ್ದಾರೆ. ಸ್ಲಿಮ್‌ನ ಪಿನ್ನೇ ಬೇರೆ. ಚಾಕುವಿನಿಂದ ಹೆರೆದು ಕೂರಿಸಬೇಡಿ. ಇನ್ನು ಆಟದ ಬೀಗ 360ರಲ್ಲಿ ಪ್ರಕಾಶಕರ ಮರ್ಜಿ: ಕೆಲವು ಡಿಸ್ಕ್ ಎಲ್ಲ ಕಡೆ ಓಡುತ್ತವೆ, ಕೆಲವು ಎನ್‌ಟಿಎಸ್‌ಸಿ ಯಂತ್ರದಲ್ಲಷ್ಟೇ. ಕೊಳ್ಳುವ ಮೊದಲು ಆ ಆಟದ ಹೆಸರಿನ ಜೊತೆ ‘ರೀಜನ್ ಫ್ರೀ’ ಎಂದು ಹುಡುಕಿ ನೋಡಿ. ಎಕ್ಸ್‌ಬಾಕ್ಸ್ ಒನ್‌ಗೂ ವಲಯದ ಕಟ್ಟುಪಾಡು ಬರುವುದಿತ್ತು, 2013ರ ಜೂನಿನಲ್ಲಿ ಜನರ ಗಲಾಟೆಗೆ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿತು. ಅಲ್ಲಿಂದೀಚಿನ ಎಕ್ಸ್‌ಬಾಕ್ಸುಗಳಲ್ಲಿ ಈ ತಾಪತ್ರಯವಿಲ್ಲ.